ರೋಗಿ ಸುರಕ್ಷತೆಗಾಗಿ ಆಸ್ಪತ್ರೆಗಳು ಕೈಜೋಡಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಸಭೆಗಳಲ್ಲಿ, ಪತ್ರಗಳಲ್ಲಿ, ಆಸ್ಪತ್ರೆಯ ಕಾರಿಡಾರುಗಳಲ್ಲಿ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಮೊದಲಿನವು ರೋಗಿಗಳೂ ಅವರ ಮನೆಯವರೂ ಕೇಳಿದವು. ಮುಂದೆ ಹೋದಂತೆ ವೈದ್ಯರು, ದಾದಿಯರು ಮತ್ತು ಆಡಳಿತ ನೋಡಿಕೊಳ್ಳುವವರು ಕೇಳಿದವು ಬರುತ್ತವೆ.

## ಮೊದಲ ತಿಳಿವಳಿಕೆ

"ಒಳ್ಳೆ ಚಿಕಿತ್ಸೆ ಕೊಟ್ಟರೆ ಆಯಿತಲ್ಲ, ರೋಗಿ ಸುರಕ್ಷತೆ ಅಂತ ಬೇರೆ ಮಾತು ಯಾಕೆ?"

ಕಾಯಿಲೆಯಿಂದ ಆಗುವ ತೊಂದರೆ ಒಂದು, ಕಾಯಿಲೆಗೆಂದು ಕೊಟ್ಟ ಆರೈಕೆಯಿಂದಲೇ ಆಗುವ ತೊಂದರೆ ಇನ್ನೊಂದು. ನ್ಯುಮೋನಿಯಾ ಎಂದು ಐಸಿಯು ಸೇರಿದ ರೋಗಿಗೆ ಸರಿಯಾದ ಆಂಟಿಬಯಾಟಿಕ್ ಸಿಕ್ಕಿ, ಶ್ವಾಸಕೋಶ ಚೇತರಿಸಿಕೊಳ್ಳುತ್ತಿರುವಾಗಲೇ, ಕತ್ತಿನ ರಕ್ತನಾಳಕ್ಕೆ ಹಾಕಿದ ಕೊಳವೆಯ ಮೂಲಕ ರಕ್ತಕ್ಕೆ ಸೋಂಕು ತಗುಲಿ ಆತ ತೀರಿಕೊಳ್ಳಬಹುದು. ಅಲ್ಲಿ ರೋಗನಿರ್ಣಯ ಸರಿಯಿತ್ತು, ಔಷಧ ಸರಿಯಿತ್ತು, ವೈದ್ಯರ ಜಾಣ್ಮೆಯಲ್ಲೂ ಕೊರತೆ ಇರಲಿಲ್ಲ. ಹೀಗೆ ಆರೈಕೆಯ ದಾರಿಯಲ್ಲೇ ಹುಟ್ಟುವ, ತಡೆಯಬಹುದಾದ ಹಾನಿಯನ್ನು ತಡೆಯುವ ಕೆಲಸಕ್ಕೆ ರೋಗಿ ಸುರಕ್ಷತೆ ಎನ್ನುತ್ತಾರೆ. ಔಷಧ ಬದಲಾಗುವುದು, ರಕ್ತದ ಗುಂಪು ತಪ್ಪುವುದು, ಹಾಸಿಗೆಯಿಂದ ಬೀಳುವುದು, ಮಲಗಿದಲ್ಲೇ ಹುಣ್ಣಾಗುವುದು, ಶಸ್ತ್ರಚಿಕಿತ್ಸೆಯ ಗಾಯಕ್ಕೆ ಕೀವಾಗುವುದು ಇವೆಲ್ಲ ಇದರೊಳಗೆ ಬರುತ್ತವೆ.

"ಇಂಥದ್ದು ಅಪರೂಪಕ್ಕೆ ನಡೆಯುವುದು. ಸುಮ್ಮನೆ ಹೆದರಿಸುತ್ತಿದ್ದೀರಾ?"

ಹೆದರಿಸುವ ಉದ್ದೇಶ ಇಲ್ಲ, ಆದರೆ ಇದು ಅಪರೂಪವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಆರೈಕೆ ಪಡೆಯುವ ಪ್ರತಿ 10 ರೋಗಿಗಳಲ್ಲಿ ಸುಮಾರು ಒಬ್ಬರಿಗೆ ಒಂದಲ್ಲ ಒಂದು ಹಾನಿಯಾಗುತ್ತದೆ, ಮತ್ತು ಅದರಲ್ಲಿ ಅರ್ಧಕ್ಕಿಂತ ಹೆಚ್ಚು ತಡೆಯಬಹುದಾದದ್ದು. ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 1999ರಲ್ಲಿ ಹೊರತಂದ ವರದಿ, ಆ ದೇಶದ ಆಸ್ಪತ್ರೆಗಳಲ್ಲಿ ವೈದ್ಯಕೀಯ ತಪ್ಪುಗಳಿಂದ ವರ್ಷಕ್ಕೆ 44,000ದಿಂದ 98,000 ಮಂದಿ ಸಾಯುತ್ತಿರಬಹುದು ಎಂದಿತು. ಲೆಕ್ಕದ ವಿಧಾನದ ಬಗ್ಗೆ ತಕರಾರುಗಳು ಬಂದವು, ಇಂದಿಗೂ ಇವೆ. ಆದರೂ ಆ ವರದಿ ಬಂದ ಮೇಲೆ ಈ ವಿಷಯವನ್ನು ಆಸ್ಪತ್ರೆಯ ನಾಲ್ಕು ಗೋಡೆಯೊಳಗೆ ಮುಚ್ಚಿಡುವುದು ಕಷ್ಟವಾಯಿತು. 2019ರಿಂದ ಸೆಪ್ಟೆಂಬರ್ 17ನ್ನು ವಿಶ್ವ ರೋಗಿ ಸುರಕ್ಷತಾ ದಿನವೆಂದು ಆಚರಿಸಲಾಗುತ್ತಿದೆ.

"ಪ್ರತಿ ಆಸ್ಪತ್ರೆ ತನ್ನ ಪಾಡಿಗೆ ತಾನು ನೆಟ್ಟಗೆ ಕೆಲಸ ಮಾಡಿದರೆ ಸಾಲದೇ? ಕೂಡಿ ಮಾಡುವಂಥದ್ದು ಏನಿದೆ?"

ಸಾಲದು, ಏಕೆಂದರೆ ಒಂದು ಆಸ್ಪತ್ರೆಯ ಕಣ್ಣಿಗೆ ಬೀಳದ ಎಷ್ಟೋ ಸಂಗತಿಗಳು ಹತ್ತು ಆಸ್ಪತ್ರೆಗಳು ಕೂತು ಮಾತಾಡಿದಾಗ ಎದ್ದು ಕಾಣುತ್ತವೆ. ಸಾಂದ್ರ ಪೊಟ್ಯಾಸಿಯಂ ಕ್ಲೋರೈಡ್ ಆಂಪೂಲನ್ನು (ಚುಚ್ಚುಮದ್ದಿನ ಸಣ್ಣ ಸೀಸೆ) ಡಿಸ್ಟಿಲ್ಡ್ ವಾಟರ್ ಎಂದು ತಿಳಿದು ನೇರವಾಗಿ ರಕ್ತನಾಳಕ್ಕೆ ಕೊಟ್ಟರೆ ಹೃದಯ ನಿಂತುಹೋಗುತ್ತದೆ. ಒಂದು ಆಸ್ಪತ್ರೆಯಲ್ಲಿ ಇದು ವರ್ಷಾನುಗಟ್ಟಲೆ ನಡೆಯದೆ ಇರಬಹುದು, ನಡೆದ ದಿನ ಅದನ್ನು ಒಬ್ಬ ದಾದಿಯ ಅಜಾಗರೂಕತೆ ಎಂದು ಷರಾ ಬರೆದು ಫೈಲು ಮುಚ್ಚಿಬಿಡಬಹುದು. ಅದೇ ತಪ್ಪು ಬೇರೆ ಬೇರೆ ಊರುಗಳಲ್ಲಿ, ಬೇರೆ ಬೇರೆ ಕೈಗಳಿಂದ ಆಗಿದೆ ಎಂದು ಗೊತ್ತಾದಾಗಲೇ, ದೋಷ ಆ ಎರಡು ಆಂಪೂಲುಗಳನ್ನು ಒಂದೇ ಟ್ರೇಯಲ್ಲಿ ಇಡುವ ಪದ್ಧತಿಯಲ್ಲಿದೆ ಎಂಬುದು ಹೊಳೆಯುತ್ತದೆ. ಆಗ ಸಿಗುವ ಪರಿಹಾರವೂ ಬೇರೆಯೇ: ಸಾಂದ್ರ ಆಂಪೂಲನ್ನು ವಾರ್ಡಿನ ಕಪಾಟಿನಿಂದಲೇ ತೆಗೆದುಹಾಕುವುದು.

ನಮ್ಮ ರಾಜ್ಯದಲ್ಲೇ ನಡೆದ ಒಂದು ಪ್ರಸಂಗವನ್ನು ಇಲ್ಲಿ ನೆನೆಯಬೇಕು. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಹಲವು ಬಾಣಂತಿಯರು ತೀರಿಕೊಂಡರು. ಅವರಿಗೆ ರಕ್ತನಾಳದ ಮೂಲಕ ಕೊಟ್ಟ ರಿಂಗರ್ ಲ್ಯಾಕ್ಟೇಟ್ ಎಂಬ ಲವಣ ದ್ರಾವಣದ ಗುಣಮಟ್ಟದ ಮೇಲೆ ಅನುಮಾನ ಮೂಡಿ, ಆ ಪೂರೈಕೆದಾರರ ದ್ರಾವಣದ ಬಳಕೆಯನ್ನು ಸರ್ಕಾರ ತಡೆಹಿಡಿಯಿತು. ಸರ್ಕಾರಿ ಸರಬರಾಜಿನಲ್ಲಿ ಒಂದೇ ಕಂಪನಿಯ ದ್ರಾವಣ ಹಲವು ಜಿಲ್ಲೆಗಳಿಗೆ ಹೋಗುತ್ತದೆ. ಒಂದು ಆಸ್ಪತ್ರೆಯಲ್ಲಿ ಒಬ್ಬ ಬಾಣಂತಿಯ ಮೂತ್ರಪಿಂಡ ಕೈಕೊಟ್ಟರೆ ಅದು ಹೆರಿಗೆಯ ತೊಡಕಿನಂತೆ ಕಾಣುತ್ತದೆ. ಅಂಥದೇ ಪ್ರಕರಣ ಒಂದೇ ವಾರದಲ್ಲಿ ಮೂರು ಆಸ್ಪತ್ರೆಗಳಲ್ಲಿ ಕಂಡರೆ, ಮತ್ತು ಆ ಮೂವರೂ ಪರಸ್ಪರ ಮಾತಾಡುವ ವ್ಯವಸ್ಥೆಯಿದ್ದರೆ, ಬ್ಯಾಚ್ ಸಂಖ್ಯೆ ನೋಡಬೇಕೆಂಬ ಯೋಚನೆ ಅಂದೇ ಬರುತ್ತದೆ. ಸಾವುಗಳ ಸಾಲು ಸುದ್ದಿಯಾಗುವ ತನಕ ಕಾಯಬೇಕಾಗುವುದಿಲ್ಲ.

## ನಡೆದು ತೋರಿಸಿದವರು

"ಎಲ್ಲರೂ ಮಿಶಿಗನ್, ಮಿಶಿಗನ್ ಅನ್ನುತ್ತಾರೆ. ಅಲ್ಲಿ ನಿಜವಾಗಿ ಆದದ್ದೇನು?"

ಅಮೆರಿಕದ ಮಿಶಿಗನ್ ರಾಜ್ಯದ ಆಸ್ಪತ್ರೆಗಳ ಸಂಘ ಮತ್ತು ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಡಾ. ಪೀಟರ್ ಪ್ರೊನೊವೊಸ್ಟ್ ಅವರ ತಂಡ ಸೇರಿ 2003ರಲ್ಲಿ ಕೀಸ್ಟೋನ್ ಐಸಿಯು ಎಂಬ ಯೋಜನೆ ಆರಂಭಿಸಿದವು. ಅದರ ಒಂದು ಮುಖ್ಯ ಗುರಿ: ಸೆಂಟ್ರಲ್ ಲೈನಿನಿಂದ, ಅಂದರೆ ಕತ್ತು, ಎದೆ ಅಥವಾ ತೊಡೆಯ ದೊಡ್ಡ ರಕ್ತನಾಳಕ್ಕೆ ಹಾಕುವ ಕೊಳವೆಯಿಂದ, ರಕ್ತಕ್ಕೆ ತಗಲುವ ಸೋಂಕನ್ನು ಇಳಿಸುವುದು. ನೂರಕ್ಕೂ ಹೆಚ್ಚು ಐಸಿಯುಗಳು ಸೇರಿದವು. ಐದು ಕ್ರಮಗಳನ್ನು ಎಲ್ಲರೂ ಪಾಲಿಸಬೇಕಿತ್ತು: ಕೈ ತೊಳೆಯುವುದು, ಚರ್ಮವನ್ನು ಕ್ಲೋರ್‌ಹೆಕ್ಸಿಡಿನ್ ಎಂಬ ಕ್ರಿಮಿನಾಶಕದಿಂದ ಒರೆಸುವುದು, ಟೋಪಿ, ಮಾಸ್ಕ್, ಗೌನು ತೊಟ್ಟು ರೋಗಿಯ ಮೈಮೇಲೆ ಪೂರ್ತಿ ಡ್ರೇಪ್ (ಕ್ರಿಮಿರಹಿತ ಹೊದಿಕೆ) ಹೊದಿಸುವುದು, ಸಾಧ್ಯವಾದಷ್ಟೂ ತೊಡೆಸಂದಿಯಲ್ಲಿ ಲೈನ್ ಹಾಕದಿರುವುದು, ಬೇಡವೆನಿಸಿದ ಲೈನನ್ನು ಕೂಡಲೇ ತೆಗೆಯುವುದು.

ಇದರಲ್ಲಿ ಯಾವ ವೈದ್ಯರಿಗೂ ಗೊತ್ತಿಲ್ಲದ ಒಂದು ಅಂಶವೂ ಇಲ್ಲ. ಗೊತ್ತಿದ್ದದ್ದು ಪ್ರತಿ ಸಲವೂ, ರಾತ್ರಿ ಎರಡು ಗಂಟೆಗೂ, ನಡೆಯುವಂತೆ ಮಾಡಿದ ಬಗೆಯೇ ಈ ಯೋಜನೆಯ ಸಾರ. ಲೈನ್ ಹಾಕುವ ವೈದ್ಯರ ಪಕ್ಕದಲ್ಲಿ ಈ ಕ್ರಮಗಳ ಪಟ್ಟಿ (ಚೆಕ್‌ಲಿಸ್ಟ್) ಹಿಡಿದ ದಾದಿ ನಿಲ್ಲುತ್ತಿದ್ದರು. ತುರ್ತಿಲ್ಲದ ಸಂದರ್ಭದಲ್ಲಿ ಒಂದು ಹೆಜ್ಜೆ ತಪ್ಪಿದರೂ "ಡಾಕ್ಟ್ರೇ, ನಿಲ್ಲಿಸಿ, ಮೊದಲಿಂದ ಮಾಡೋಣ" ಎಂದು ಹೇಳುವ ಅಧಿಕಾರ ಅವರಿಗಿತ್ತು, ಮತ್ತು ಹಾಗೆ ಹೇಳಿದವರ ಬೆನ್ನಿಗೆ ಆಡಳಿತ ನಿಲ್ಲುತ್ತಿತ್ತು. ಒಂದೊಂದು ಐಸಿಯುವಿಗೆ ಆಸ್ಪತ್ರೆಯ ಹಿರಿಯ ಅಧಿಕಾರಿಯೊಬ್ಬರನ್ನು ಹೊಂದಿಸಲಾಗಿತ್ತು. ಅವರು ವಾರ್ಡಿಗೆ ಬಂದು ಸಿಬ್ಬಂದಿಯ ತೊಡಕುಗಳನ್ನು ಕೇಳಿದಾಗ, ಬಹಳಷ್ಟು ಐಸಿಯುಗಳಲ್ಲಿ ಕ್ಲೋರ್‌ಹೆಕ್ಸಿಡಿನ್ನೇ ಇರಲಿಲ್ಲ ಎಂಬುದು ಬಯಲಾಯಿತು. ವಾರ್ಡಿನವರು ಎಷ್ಟು ಸಲ ಇಂಡೆಂಟ್ ಬರೆದರೂ ಬಗೆಹರಿಯದ ಈ ಸಂಗತಿ, ಅಧಿಕಾರಿಗಳು ಕಣ್ಣಾರೆ ಕಂಡ ಮೇಲೆ ಬೇಗ ಬಗೆಹರಿಯಿತು. ತಂಡ ಅಷ್ಟಕ್ಕೇ ನಿಲ್ಲದೆ, ಲೈನಿನ ಕಿಟ್ ತಯಾರಿಸುವ ಕಂಪನಿಯ ಮನವೊಲಿಸಿ ಕ್ಲೋರ್‌ಹೆಕ್ಸಿಡಿನ್ನೂ ದೊಡ್ಡ ಡ್ರೇಪೂ ಒಂದೇ ಪೊಟ್ಟಣದಲ್ಲಿ ಬರುವಂತೆ ಮಾಡಿತು. ಒಂಟಿ ಆಸ್ಪತ್ರೆಯ ಮಾತಿಗೆ ಕಂಪನಿ ತನ್ನ ಕಿಟ್ ಬದಲಿಸುವುದು ಕಷ್ಟ. ಇಡೀ ರಾಜ್ಯ ಒಂದೇ ದನಿಯಲ್ಲಿ ಕೇಳಿದಾಗ ಬದಲಿಸುತ್ತದೆ.

ಫಲಿತಾಂಶ 2006ರ ಡಿಸೆಂಬರಿನಲ್ಲಿ ಪ್ರಕಟವಾಯಿತು. 1,000 ಕ್ಯಾತಿಟರ್ ದಿನಗಳಿಗೆ (ಒಬ್ಬ ರೋಗಿಗೆ ಒಂದು ದಿನ ಲೈನ್ ಇದ್ದರೆ ಒಂದು ಕ್ಯಾತಿಟರ್ ದಿನ) ಸರಾಸರಿ 7.7ರಷ್ಟಿದ್ದ ಸೋಂಕು, 16ರಿಂದ 18 ತಿಂಗಳ ಹೊತ್ತಿಗೆ 1.4ಕ್ಕೆ ಇಳಿದಿತ್ತು. ಮಧ್ಯಾಂಕ 2.7ರಿಂದ ಸೊನ್ನೆಗೆ ಬಂದಿತ್ತು. ಅಂದರೆ ಅರ್ಧಕ್ಕಿಂತ ಹೆಚ್ಚು ಐಸಿಯುಗಳಲ್ಲಿ ಆ ಅವಧಿಯಲ್ಲಿ ಒಂದೂ ಇಂಥ ಸೋಂಕು ಕಾಣಲಿಲ್ಲ.

"ಹಾಗಾದರೆ ಚೆಕ್‌ಲಿಸ್ಟ್ ಮುದ್ರಿಸಿ ಗೋಡೆಗೆ ಅಂಟಿಸಿದರೆ ಮುಗಿಯಿತಲ್ಲ?"

ಮಿಶಿಗನ್ನಿನಿಂದ ಜನ ಕಲಿತ ತಪ್ಪು ಪಾಠ ಇದೇ. ವಿಶ್ವ ಆರೋಗ್ಯ ಸಂಸ್ಥೆಯ 19 ಅಂಶಗಳ ಶಸ್ತ್ರಚಿಕಿತ್ಸಾ ಚೆಕ್‌ಲಿಸ್ಟನ್ನು ನವದೆಹಲಿಯೂ ಸೇರಿ ಎಂಟು ನಗರಗಳ ಎಂಟು ಆಸ್ಪತ್ರೆಗಳಲ್ಲಿ ಪರೀಕ್ಷಿಸಿದಾಗ ಸಾವಿನ ಪ್ರಮಾಣ 1.5%ರಿಂದ 0.8%ಕ್ಕೆ ಇಳಿಯಿತೆಂದು 2009ರ ಅಧ್ಯಯನ ಹೇಳಿತು. ಕೆನಡಾದ ಒಂಟಾರಿಯೋ ಪ್ರಾಂತ್ಯದ ಸರ್ಕಾರ ಅದೇ ಪಟ್ಟಿಯ ಬಳಕೆಯ ವರದಿಯನ್ನು ಎಲ್ಲ ಆಸ್ಪತ್ರೆಗಳಿಗೂ ಕಡ್ಡಾಯ ಮಾಡಿತು. ಬಹುತೇಕ ಆಸ್ಪತ್ರೆಗಳು ಪೂರ್ತಿ ಪಾಲನೆಯಾಗುತ್ತಿದೆ ಎಂದು ಬರೆದು ಕಳಿಸಿದವು. ಆದರೆ 2014ರಲ್ಲಿ ಪ್ರಕಟವಾದ ಲೆಕ್ಕದಲ್ಲಿ, 101 ಆಸ್ಪತ್ರೆಗಳಲ್ಲಿ ಸಾವು-ತೊಡಕುಗಳು ಗಣನೀಯವಾಗಿ ಇಳಿದಿರಲಿಲ್ಲ. ಮೇಲಿನಿಂದ ಬಂದ ಆದೇಶಕ್ಕೆ ಟಿಕ್ ಹಾಕುವುದೂ, ಜೊತೆಯವರೊಡನೆ ಕೂತು ತಮ್ಮ ಅಂಕಿಅಂಶ ನೋಡಿ ಕೆಲಸ ತಿದ್ದಿಕೊಳ್ಳುವುದೂ ಒಂದೇ ಅಲ್ಲ.

ನಮ್ಮ ನೆಲದ್ದೇ ಇನ್ನೊಂದು ಉದಾಹರಣೆ ಇದೆ. ಸುರಕ್ಷಿತ ಹೆರಿಗೆಯ 29 ಅಂಶಗಳ ಚೆಕ್‌ಲಿಸ್ಟನ್ನು ಮೊದಲು ಪ್ರಯೋಗಿಸಿ ನೋಡಿದ್ದು ಕರ್ನಾಟಕದ ಉಪಜಿಲ್ಲಾ ಮಟ್ಟದ ಒಂದು ಹೆರಿಗೆ ಕೇಂದ್ರದಲ್ಲಿ. ಅಲ್ಲಿ ಮೊದಲು ಪ್ರತಿ ಹೆರಿಗೆಗೆ ಸರಾಸರಿ 10 ಅಂಶಗಳು ಪಾಲನೆಯಾಗುತ್ತಿದ್ದದ್ದು 25ಕ್ಕೆ ಏರಿತೆಂದು 2012ರ ವರದಿ ತಿಳಿಸಿತು. ಮುಂದೆ ಉತ್ತರ ಪ್ರದೇಶದ 120 ಕೇಂದ್ರಗಳಲ್ಲಿ ದೊಡ್ಡ ಪ್ರಯೋಗ ನಡೆಯಿತು. ಅರ್ಧದಷ್ಟು ಕೇಂದ್ರಗಳಿಗೆ ತರಬೇತುದಾರರು ಎಂಟು ತಿಂಗಳು ಹೋಗಿ ಬಂದರು. ಎರಡು ತಿಂಗಳಿಗೆ ಆ ಕೇಂದ್ರಗಳಲ್ಲಿ 73% ಕ್ರಮಗಳು ಪಾಲನೆಯಾಗುತ್ತಿದ್ದರೆ, ಉಳಿದವುಗಳಲ್ಲಿ 42%. ತರಬೇತುದಾರರು ಹಿಂದೆ ಸರಿದ ನಾಲ್ಕು ತಿಂಗಳಿಗೆ ಈ ಅಂಕಿಗಳು 62% ಮತ್ತು 44% ಆಗಿ, ಅಂತರ ಕುಗ್ಗಿತು. ತಾಯಿ-ಶಿಶುಗಳ ಸಾವು ಕಡಿಮೆಯಾಗಲಿಲ್ಲ. ಪದ್ಧತಿ ಸುಧಾರಿಸಿದರೂ, ನುರಿತ ಕೈ, ರಕ್ತ, ಸಿಸೇರಿಯನ್ ಸೌಲಭ್ಯ, ಸಮಯಕ್ಕೆ ದೊಡ್ಡಾಸ್ಪತ್ರೆಗೆ ಸಾಗಿಸುವ ಏರ್ಪಾಡು ಇಲ್ಲದಿದ್ದರೆ ಕಾಗದವೊಂದೇ ಜೀವ ಉಳಿಸುವುದಿಲ್ಲ ಎಂಬುದು ನಾನು ಇದರಿಂದ ತಿಳಿದದ್ದು. ಈ ಪ್ರಯೋಗವನ್ನು ಸೋಲೆಂದು ಬದಿಗೆ ಸರಿಸುವವರಿದ್ದಾರೆ. ನನಗೆ ಇದು ಈ ಕ್ಷೇತ್ರದ ಅತ್ಯಂತ ಪ್ರಾಮಾಣಿಕ ಪಾಠಗಳಲ್ಲಿ ಒಂದು.

"ಪೈಪೋಟಿಗೆ ಬಿದ್ದಿರುವ ಆಸ್ಪತ್ರೆಗಳು ತಮ್ಮ ತಪ್ಪನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತವೆಯೇ? ನನಗಂತೂ ನಂಬಿಕೆಯಿಲ್ಲ."

ಹೇಳಿಕೊಂಡಿವೆ. ಒಹಾಯೋ ರಾಜ್ಯದ ಎಂಟೂ ಮಕ್ಕಳ ಆಸ್ಪತ್ರೆಗಳು 2009ರಲ್ಲಿ ಒಂದು ಜಾಲ ಕಟ್ಟಿಕೊಂಡಾಗ ಮೊದಲು ಒಪ್ಪಿಕೊಂಡ ನಿಯಮವೇ, ಸುರಕ್ಷತೆಯ ವಿಷಯದಲ್ಲಿ ನಾವು ಪೈಪೋಟಿ ಮಾಡುವುದಿಲ್ಲ ಎಂಬುದು. ರೋಗಿಗಳನ್ನು ಸೆಳೆಯಲು, ತಜ್ಞರನ್ನು ಕರೆತರಲು ಅವು ಪೈಪೋಟಿ ನಡೆಸಿಯೇ ನಡೆಸುತ್ತವೆ. ಆದರೆ ಮಗುವಿಗಾದ ಹಾನಿಯನ್ನು ತಡೆಯುವ ಉಪಾಯ ಯಾರಿಗೆ ಸಿಕ್ಕರೂ ಅದು ಎಲ್ಲರ ಸ್ವತ್ತು. 2012ರಲ್ಲಿ ಜಾಲ ಆ ರಾಜ್ಯದಾಚೆಗೂ ಬೆಳೆಯಿತು. ಇಂದು ಅಮೆರಿಕ ಮತ್ತು ಕೆನಡಾದ 140ಕ್ಕೂ ಹೆಚ್ಚು ಮಕ್ಕಳ ಆಸ್ಪತ್ರೆಗಳು ಅದರಲ್ಲಿವೆ.

ಇದಕ್ಕೂ ಹಿಂದಿನದು, ಮತ್ತು ನನಗೆ ಹೆಚ್ಚು ಇಷ್ಟವಾದದ್ದು, ಮೇನ್, ನ್ಯೂ ಹ್ಯಾಂಪ್‌ಶೈರ್ ಮತ್ತು ವರ್ಮಾಂಟ್ ರಾಜ್ಯಗಳ ಹೃದಯ ಶಸ್ತ್ರಚಿಕಿತ್ಸಕರ ಒಕ್ಕೂಟ. 1987ರಲ್ಲಿ ಆರಂಭವಾದ ಈ ಗುಂಪು ಬೈಪಾಸ್ ಶಸ್ತ್ರಚಿಕಿತ್ಸೆಯ ಸಾವುಗಳನ್ನು ಒಂದೇ ಅಳತೆಯಲ್ಲಿ ದಾಖಲಿಸತೊಡಗಿತು. ಆಸ್ಪತ್ರೆ ಆಸ್ಪತ್ರೆಗೂ ವ್ಯತ್ಯಾಸ ಕಂಡಾಗ, ಯಾರನ್ನೂ ಬೊಟ್ಟು ಮಾಡುವ ಬದಲು ಐದು ಆಸ್ಪತ್ರೆಗಳ ತಂಡಗಳು ಸರದಿಯಂತೆ ಒಬ್ಬರ ಥಿಯೇಟರಿಗೆ ಇನ್ನೊಬ್ಬರು ಹೋಗಿ ನಿಂತು ನೋಡಿದವು. ಹೋದವರಲ್ಲಿ ಶಸ್ತ್ರಚಿಕಿತ್ಸಕರಷ್ಟೇ ಅಲ್ಲ, ದಾದಿಯರೂ ಹಾರ್ಟ್-ಲಂಗ್ ಯಂತ್ರ ನಡೆಸುವವರೂ ಇದ್ದರು. ಆಸ್ಪತ್ರೆಯಲ್ಲಾಗುವ ಸಾವು ನಿರೀಕ್ಷಿತ ಪ್ರಮಾಣಕ್ಕಿಂತ 24% ಇಳಿಯಿತೆಂದು 1996ರಲ್ಲಿ ಅವರು ವರದಿ ಮಾಡಿದರು. ಈ ಇಳಿಕೆಗೆ ಹೊಸ ಔಷಧವಾಗಲಿ ಹೊಸ ಯಂತ್ರವಾಗಲಿ ಬೇಕಾಗಲಿಲ್ಲ.

## ನಮ್ಮ ದೇಶ, ನಮ್ಮ ರಾಜ್ಯ

"ಇದೆಲ್ಲ ಅಮೆರಿಕದ ಮಾತಾಯಿತು. ನಮ್ಮಲ್ಲಿ ಇಂಥದ್ದು ಏನಾದರೂ ಇದೆಯೇ?"

ಇದೆ. ಕೇರಳದ ಪ್ರಸೂತಿ ತಜ್ಞರ ಒಕ್ಕೂಟ 2004ರಿಂದ ತಾಯಂದಿರ ಸಾವಿನ ಗೋಪ್ಯ ಪರಿಶೀಲನೆ ನಡೆಸಿಕೊಂಡು ಬಂದಿದೆ. ಪ್ರಕರಣದ ದಾಖಲೆಯಲ್ಲಿ ತಾಯಿಯ, ವೈದ್ಯರ, ಆಸ್ಪತ್ರೆಯ ಹೆಸರಿರುವುದಿಲ್ಲ. ಪರಿಶೀಲಕರು ಕೇಳುವುದು ಇದೊಂದನ್ನೇ: ಈ ಸಾವನ್ನು ಎಲ್ಲಿ ತಡೆಯಬಹುದಿತ್ತು? ಹೆರಿಗೆಯ ನಂತರದ ರಕ್ತಸ್ರಾವ ಮತ್ತು ಅಧಿಕ ರಕ್ತದೊತ್ತಡ ಮುಖ್ಯ ಕಾರಣಗಳೆಂದು ಕಂಡಾಗ, ಸರ್ಕಾರಿ ಮತ್ತು ಖಾಸಗಿ ಆಸ್ಪತ್ರೆಗಳೆರಡಕ್ಕೂ ಅನ್ವಯಿಸುವ ಗುಣಮಟ್ಟದ ಮಾನದಂಡಗಳನ್ನು ರೂಪಿಸಲಾಯಿತು.

ರಾಷ್ಟ್ರಮಟ್ಟದಲ್ಲಿ ಔಷಧಗಳ ಅಡ್ಡಪರಿಣಾಮ ವರದಿ ಮಾಡುವ ಕಾರ್ಯಕ್ರಮ 2010ರಲ್ಲೂ, ರಕ್ತ ನೀಡಿಕೆಯ ತೊಂದರೆಗಳನ್ನು ದಾಖಲಿಸುವ ಕಾರ್ಯಕ್ರಮ 2012ರಲ್ಲೂ ಆರಂಭವಾದವು. ಮೊದಲನೆಯದಕ್ಕೆ 1800-180-3024 ಎಂಬ ಉಚಿತ ದೂರವಾಣಿ ಇದೆ. ವೈದ್ಯರಷ್ಟೇ ಅಲ್ಲ, ರೋಗಿಗಳೂ ಕರೆ ಮಾಡಬಹುದು. ದೆಹಲಿಯ ಏಮ್ಸ್ ಮುಂದಾಳತ್ವದ ಆಸ್ಪತ್ರೆ ಸೋಂಕುಗಳ ಜಾಲ, 2017-18ರಲ್ಲಿ 26 ಆಸ್ಪತ್ರೆಗಳ ಐಸಿಯುಗಳಿಂದ ಒಂದೇ ವ್ಯಾಖ್ಯೆಯಡಿ ಅಂಕಿಅಂಶ ಕಲೆಹಾಕಿ ಪ್ರಕಟಿಸಿತು. ದೇಶದ ಗಾತ್ರಕ್ಕೆ ಇದು ಸಣ್ಣದು, ಆದರೆ ಬುನಾದಿ ಗಟ್ಟಿಯಾಗಿದೆ.

"ಬಾಗಿಲಲ್ಲಿ ಎನ್‌ಎಬಿಎಚ್ ಫಲಕ ಇದ್ದರೆ ಸಾಕಲ್ಲವೇ?"

ಎನ್‌ಎಬಿಎಚ್ ಎಂದರೆ ಆಸ್ಪತ್ರೆಗಳಿಗೆ ಗುಣಮಟ್ಟದ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ. ಅದರ ಮಾನ್ಯತೆ ಅಗತ್ಯವೇ. ಆದರೆ ಅದು ಒಂದು ಆಸ್ಪತ್ರೆ ಮತ್ತು ಪರಿಶೀಲಕರ ನಡುವಿನ ವ್ಯವಹಾರ. ಪಕ್ಕದ ಆಸ್ಪತ್ರೆಯಲ್ಲಿ ನಿನ್ನೆ ಆದ ತಪ್ಪು ಇಲ್ಲಿ ನಾಳೆ ಆಗದಂತೆ ನೋಡಿಕೊಳ್ಳುವುದು ಫಲಕದ ಕೆಲಸವಲ್ಲ.

"ನಾನು ರೋಗಿಯ ಕಡೆಯವನು. ಇದರಲ್ಲಿ ನನ್ನ ಪಾತ್ರ ಏನು?"

ಪ್ರಶ್ನೆ ಕೇಳುವುದು. "ಈ ಲೈನ್ ಇವತ್ತೂ ಬೇಕೇ?", "ಇದು ಯಾವ ಔಷಧ, ಯಾರ ಹೆಸರಿನದು?", "ಕೈ ತೊಳೆದಿರಾ?" ಎಂದು ವಿನಯದಿಂದಲೇ ಕೇಳಬಹುದು. ಮನೆಯಲ್ಲಿ ತೆಗೆದುಕೊಳ್ಳುತ್ತಿದ್ದ ಎಲ್ಲ ಮಾತ್ರೆಗಳನ್ನೂ ಸ್ಟ್ರಿಪ್ ಸಮೇತ ಆಸ್ಪತ್ರೆಗೆ ಒಯ್ಯಿರಿ, ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಹೋಗುವಾಗ ಬಿಡುಗಡೆ ಪತ್ರ ಕೇಳಿ ಪಡೆಯಿರಿ. ಆದರೆ ಸುರಕ್ಷತೆಯ ಹೊಣೆಯನ್ನು ಆತಂಕದಲ್ಲಿರುವ ಮನೆಯವರ ಹೆಗಲಿಗೆ ಹಾಕುವುದು ನ್ಯಾಯವಲ್ಲ. ಅವರು ಕೇಳದಿದ್ದರೂ ಎಲ್ಲವೂ ಸರಿಯಾಗಿ ನಡೆಯಬೇಕು.

## ಆಸ್ಪತ್ರೆಯವರ ಪ್ರಶ್ನೆಗಳು

"ತಪ್ಪು ಒಪ್ಪಿಕೊಂಡರೆ ಕೋರ್ಟಿಗೆ ಎಳೆಯುತ್ತಾರೆ, ಇಲ್ಲವೇ ಗಾಜು ಒಡೆಯುತ್ತಾರೆ. ಯಾರು ತಾನೇ ಬಾಯಿ ಬಿಡುತ್ತಾರೆ?"

ಈ ಭಯ ನಿಜವಾದದ್ದು, ಇದನ್ನು ತಳ್ಳಿಹಾಕಿ ಮಾತಾಡುವವರು ವಾರ್ಡಿನಲ್ಲಿ ನಿಂತು ಕೆಲಸ ಮಾಡಿದವರಲ್ಲ. ಅಮೆರಿಕ 2005ರಲ್ಲಿ ಒಂದು ಕಾನೂನು ತಂದು, ಸುರಕ್ಷತೆ ಸುಧಾರಿಸಲೆಂದು ನೋಂದಾಯಿತ ಸಂಸ್ಥೆಗಳೊಡನೆ ಹಂಚಿಕೊಂಡ ಮಾಹಿತಿಯನ್ನು ಮೊಕದ್ದಮೆಗಳಲ್ಲಿ ಬಳಸದಂತೆ ರಕ್ಷಣೆ ಕೊಟ್ಟಿತು. ನಮ್ಮಲ್ಲಿ ಅಂಥ ಪ್ರತ್ಯೇಕ ಕಾನೂನು ಇಲ್ಲ, ಮತ್ತು ನನ್ನ ಅಭಿಪ್ರಾಯದಲ್ಲಿ ಎಲ್ಲಕ್ಕಿಂತ ಮೊದಲು ಆಗಬೇಕಾದ್ದು ಅದೇ. ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2005ರಲ್ಲಿ, ಘೋರ ನಿರ್ಲಕ್ಷ್ಯ ಇದ್ದರೆ ಮಾತ್ರ ವೈದ್ಯರ ಮೇಲೆ ಕ್ರಿಮಿನಲ್ ಹೊಣೆ ಎಂದು ಹೇಳಿದೆ. ಕರ್ನಾಟಕದಲ್ಲಿ ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಲ್ಲೆ ತಡೆಯುವ ಕಾಯ್ದೆ 2009ರಿಂದ ಇದೆ. ಇವು ಸ್ವಲ್ಪ ಧೈರ್ಯ ಕೊಡುತ್ತವೆಯೇ ಹೊರತು, ಕಲಿಯಲೆಂದು ಹೇಳಿದ ಮಾತಿಗೆ ರಕ್ಷಣೆ ಕೊಡುವುದಿಲ್ಲ.

ಇಲ್ಲಿ ಎರಡು ವಿಷಯಗಳನ್ನು ಬೇರೆ ಮಾಡಿ ನೋಡಬೇಕು. ಹಾನಿಗೊಳಗಾದ ರೋಗಿಗೂ ಕುಟುಂಬಕ್ಕೂ ನಡೆದದ್ದನ್ನು ನೇರವಾಗಿ ಹೇಳುವುದು ಆಸ್ಪತ್ರೆಯ ಕರ್ತವ್ಯ, ಅದನ್ನು ಯಾವ ಗೋಪ್ಯತೆಯ ಹೆಸರಿನಲ್ಲೂ ಮುಚ್ಚಿಡುವಂತಿಲ್ಲ. ಬೇರೆ ಆಸ್ಪತ್ರೆಗಳೊಡನೆ ಹಂಚಿಕೊಳ್ಳುವಾಗ ಮಾತ್ರ ಹೆಸರುಗಳು ಬೇಕಾಗಿಲ್ಲ. ಏನಾಯಿತು, ಯಾವ ಹಂತದಲ್ಲಿ, ಅದಕ್ಕೆ ಮೊದಲು ಏನು ನಡೆದಿತ್ತು ಎಂಬಷ್ಟು ಸಾಕು. ಕೇರಳದ ವೈದ್ಯರು ಕಾನೂನಿಗೆ ಕಾಯದೆ ಈ ದಾರಿಯಲ್ಲೇ ನಡೆದರು.

"ನಮ್ಮದು 30 ಹಾಸಿಗೆಯ ತಾಲ್ಲೂಕು ಆಸ್ಪತ್ರೆ. ಎಲ್ಲಿಂದ ಶುರು ಮಾಡುವುದು?"

ಒಂದೇ ಸಮಸ್ಯೆಯಿಂದ. ಸುತ್ತಲಿನ ನಾಲ್ಕೈದು ಆಸ್ಪತ್ರೆಗಳಿಗೂ ತಲೆನೋವಾಗಿರುವ ಒಂದನ್ನು ಆರಿಸಿ: ಸಿಸೇರಿಯನ್ ಗಾಯದ ಸೋಂಕು, ಹೆರಿಗೆಯ ನಂತರದ ರಕ್ತಸ್ರಾವ, ಅಥವಾ ಹೆಚ್ಚಿನ ಚಿಕಿತ್ಸೆಗೆ ಕಳಿಸುವಾಗ ದಾರಿಯಲ್ಲಿ ಆಗುವ ತೊಂದರೆ. ಜಿಲ್ಲಾಸ್ಪತ್ರೆಯನ್ನು ಖಂಡಿತ ಸೇರಿಸಿಕೊಳ್ಳಿ, ಏಕೆಂದರೆ ನೀವು ಕಳಿಸಿದ ರೋಗಿಗೆ ಮುಂದೇನಾಯಿತು ಎಂಬ ಸುದ್ದಿ ಅಲ್ಲಿದೆ, ಅದು ಸಾಮಾನ್ಯವಾಗಿ ನಿಮ್ಮವರೆಗೆ ತಿರುಗಿ ಬರುವುದಿಲ್ಲ. ಮೊದಲ ಸಭೆಯಲ್ಲಿ ವ್ಯಾಖ್ಯೆಯನ್ನಷ್ಟೇ ನಿರ್ಧರಿಸಿ. ಯಾವುದನ್ನು ಗಾಯದ ಸೋಂಕು ಎನ್ನುತ್ತೇವೆ, ಹೆರಿಗೆಯಾಗಿ ಎಷ್ಟು ದಿನದವರೆಗೆ ಲೆಕ್ಕ ಹಿಡಿಯುತ್ತೇವೆ, ಮನೆಗೆ ಹೋದವರನ್ನು ಆಶಾ ಕಾರ್ಯಕರ್ತೆಯ ಮೂಲಕ ವಿಚಾರಿಸುತ್ತೇವೆಯೇ. ಇದು ಬೇಸರದ ಕೆಲಸವೆನಿಸುತ್ತದೆ, ಆದರೆ ಇದನ್ನು ಬಿಟ್ಟು ಮುಂದೆ ಹೋದ ಗುಂಪುಗಳು ವರ್ಷದ ಕೊನೆಗೆ ಹೋಲಿಸಲಾಗದ ಅಂಕಿಗಳನ್ನು ಮುಂದಿಟ್ಟುಕೊಂಡು ಕೂರುತ್ತವೆ.

ಆಮೇಲೆ ತಿಂಗಳಿಗೊಮ್ಮೆ ಸೇರಿ. ಪ್ರತಿ ಆಸ್ಪತ್ರೆಯಿಂದ ಒಬ್ಬ ವೈದ್ಯರು, ಒಬ್ಬ ದಾದಿ ಬರಲಿ, ಮತ್ತು ಮೊದಲ ಮಾತು ದಾದಿಯದಾಗಿರಲಿ. ಹಿರಿಯ ವೈದ್ಯರು ಮೊದಲು ಮಾತಾಡಿದ ಸಭೆಯಲ್ಲಿ ಉಳಿದವರು ತಲೆಯಾಡಿಸುವುದೇ ಹೆಚ್ಚು.

"ನಮಗೆ ಬರುವವರೆಲ್ಲ ಸೀರಿಯಸ್ ರೋಗಿಗಳು. ನಮ್ಮ ಅಂಕಿಯನ್ನು ಇನ್ನೊಬ್ಬರ ಜೊತೆ ಹೋಲಿಸುವುದು ಅನ್ಯಾಯವಲ್ಲವೇ?"

ಬರಿಯ ಸಂಖ್ಯೆ ಹೋಲಿಸಿದರೆ ಅನ್ಯಾಯವೇ. ಅದಕ್ಕೇ ಸೆಂಟ್ರಲ್ ಲೈನ್ ಸೋಂಕನ್ನು ರೋಗಿಗಳ ಸಂಖ್ಯೆಯ ಬದಲು ಕ್ಯಾತಿಟರ್ ದಿನಗಳಿಗೆ ಭಾಗಿಸುತ್ತಾರೆ. ತಿಂಗಳಲ್ಲಿ 10 ರೋಗಿಗಳಿಗೆ ತಲಾ 5 ದಿನ ಲೈನ್ ಇದ್ದರೆ 50 ಕ್ಯಾತಿಟರ್ ದಿನಗಳಾದವು. ಆ ತಿಂಗಳು ಒಂದೇ ಒಂದು ಸೋಂಕಾದರೂ 1,000 ದಿನಗಳಿಗೆ 20 ಎಂಬ ಭಯಂಕರ ಅಂಕಿ ಬರುತ್ತದೆ, ಮುಂದಿನ ತಿಂಗಳು ಅದೇ ಸೊನ್ನೆ. ಸಣ್ಣ ಘಟಕ ತನ್ನೊಬ್ಬನ ಅಂಕಿ ನೋಡಿ ಹಿಗ್ಗುವುದೂ ಕುಗ್ಗುವುದೂ ಅರ್ಥವಿಲ್ಲದ್ದು. ಹಲವು ಘಟಕಗಳ ದಿನಗಳನ್ನು ಒಟ್ಟು ಸೇರಿಸಿದಾಗಲೇ ದಿಕ್ಕು ತಿಳಿಯುತ್ತದೆ. ಸಣ್ಣ ಆಸ್ಪತ್ರೆಗಳಿಗೆ ಸಹಯೋಗ ಹೆಚ್ಚು ಬೇಕಾಗಿರುವುದು ಇದಕ್ಕೇ.

ಇನ್ನೊಂದು ಎಚ್ಚರಿಕೆ: ಬ್ಲಡ್ ಕಲ್ಚರ್ (ರಕ್ತದಲ್ಲಿ ರೋಗಾಣು ಇದೆಯೇ ಎಂದು ನೋಡುವ ಪರೀಕ್ಷೆ) ಕಳಿಸದ ಆಸ್ಪತ್ರೆಯಲ್ಲಿ ರಕ್ತದ ಸೋಂಕು ಕಾಣುವುದೇ ಇಲ್ಲ. ಜಾಲ ಆರಂಭವಾದ ಮೊದಲ ತಿಂಗಳುಗಳಲ್ಲಿ ಅಂಕಿ ಏರಿದರೆ ಗಾಬರಿಯಾಗಬೇಡಿ, ಹಿಂದೆ ಲೆಕ್ಕಕ್ಕೆ ಬಾರದಿದ್ದದ್ದು ಈಗ ಬರುತ್ತಿರಬಹುದು. ಆ ಅಂಕಿಯನ್ನು ಹಿಡಿದು ಸಿಬ್ಬಂದಿಗೆ ನೋಟಿಸ್ ಕೊಟ್ಟರೆ ಮುಂದಿನ ತಿಂಗಳಿಂದ ವರದಿಯೇ ನಿಲ್ಲುತ್ತದೆ.

"ಸೋಂಕು ಇಳಿದದ್ದು ಸಹಯೋಗದಿಂದಲೇ ಎಂದು ಹೇಗೆ ಹೇಳುತ್ತೀರಿ? ಕಾಲ ಬದಲಾದಂತೆ ತಾನಾಗಿಯೇ ಇಳಿದಿರಬಹುದಲ್ಲ?"

ಇದು ಕೇಳಲೇಬೇಕಾದ ಪ್ರಶ್ನೆ. ಮಿಶಿಗನ್ ಅಧ್ಯಯನದಲ್ಲಿ ಹೋಲಿಕೆಗೆಂದು ಯೋಜನೆಯ ಹೊರಗಿಟ್ಟ ಗುಂಪು ಇರಲಿಲ್ಲ. ಇಂಗ್ಲೆಂಡ್ 2009ರಿಂದ 2011ರವರೆಗೆ ಅದೇ ಮಾದರಿಯನ್ನು ತನ್ನ ಐಸಿಯುಗಳಲ್ಲಿ ಹಂತಹಂತವಾಗಿ ಜಾರಿಗೆ ತಂದಾಗ, ವಯಸ್ಕರ ಘಟಕಗಳಲ್ಲಿ ಸೋಂಕು 1,000 ಕ್ಯಾತಿಟರ್ ದಿನಗಳಿಗೆ 3.7ರಿಂದ 1.48ಕ್ಕೆ ಇಳಿಯಿತು. ಆದರೆ ಯೋಜನೆಗೆ ಇನ್ನೂ ಸೇರದ ಘಟಕಗಳಲ್ಲೂ ಇಳಿಕೆ ಆಗಲೇ ಆರಂಭವಾಗಿತ್ತು. ಆದ್ದರಿಂದ ಅಲ್ಲಿನ ಸುಧಾರಣೆಯ ಎಷ್ಟು ಪಾಲು ಯೋಜನೆಯದು, ಎಷ್ಟು ಪಾಲು ಆಗಿನ ಒಟ್ಟು ವಾತಾವರಣದ್ದು ಎಂದು ಬೇರ್ಪಡಿಸಲು ಆ ಅಧ್ಯಯನಕಾರರಿಗೆ ಆಗಲಿಲ್ಲ. ಅದನ್ನು ಅವರು ಮುಚ್ಚಿಡದೆ ಬರೆದರು.

ಮಿಶಿಗನ್ನಿನ ಪರವಾಗಿ ಹೇಳಬಹುದಾದ ಗಟ್ಟಿ ಸಂಗತಿಯೆಂದರೆ ಅದರ ಬಾಳಿಕೆ. 36 ತಿಂಗಳವರೆಗಿನ ಲೆಕ್ಕವನ್ನು 2010ರಲ್ಲಿ ಪ್ರಕಟಿಸಿದಾಗಲೂ ಸೋಂಕು ಕೆಳಮಟ್ಟದಲ್ಲೇ ಉಳಿದಿತ್ತು. ಹೊಸದಾಗಿ ಜಾಲ ಕಟ್ಟುವವರು ಎಲ್ಲ ಆಸ್ಪತ್ರೆಗಳಲ್ಲೂ ಒಂದೇ ದಿನ ಆರಂಭಿಸುವ ಬದಲು, ಅಳತೆಯನ್ನು ಎಲ್ಲರೂ ಮೊದಲೇ ಶುರು ಮಾಡಿ, ಬದಲಾವಣೆಯನ್ನು ಚೀಟಿ ಎತ್ತಿ ಸರದಿಯಂತೆ ತಂದರೆ ಈ ಪ್ರಶ್ನೆಗೆ ಇನ್ನೂ ಒಳ್ಳೆಯ ಉತ್ತರ ಸಿಗುತ್ತದೆ. ಅದಕ್ಕೆ ಹೆಚ್ಚಿನ ಹಣ ಬೇಕಿಲ್ಲ, ಆರಂಭದಲ್ಲಿ ಆರು ತಿಂಗಳ ತಾಳ್ಮೆ ಬೇಕು.